ಪಾಸಾದರೆ ಮಾತ್ರ ದುಡ್ಡು: ಟ್ಯೂಷನ್‌ನವರ ಈ ದರ ಒಪ್ಪಬಹುದಾ?

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ನಿಮ್ಮ ಅಭಿಪ್ರಾಯ ಬೇಕು, ಸ್ವಲ್ಪ ಬೇಗ ಬೇಕು.

ನಮ್ಮೂರ ಸರ್ಕಾರಿ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಸೇರಿ ಮೂರು ಲಕ್ಷದಷ್ಟು ರೊಕ್ಕ ಕೂಡಿಸಿದ್ದೇವೆ. ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ದುಡಿಯುವವರೇ ಜಾಸ್ತಿ ಕೊಟ್ಟಿದ್ದಾರೆ. ದೀಪಾವಳಿ ಮುಗಿಯಿತು. ಇನ್ನು ಮಾರ್ಚ್‌ವರೆಗೆ ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಪಾಠ ಹೇಳಿಸಬೇಕು ಅಂತ ಯೋಚನೆ. ಯಾಕೆ ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲೇ ಕೊನೆ. ಮೊದಲು ಬಂದ ದಕ್ಷಿಣ ಕನ್ನಡದ್ದು 91.12. ಅದರ ಹಿಂದಿನ ವರ್ಷ ಕೊನೆಗಿದ್ದದ್ದು ಯಾದಗಿರಿ, 50.59.

ಕಲಬುರಗಿಯ ಒಂದು ಟ್ಯೂಷನ್ ಸೆಂಟರ್‌ನವರು ನಮಗೆ ಎರಡು ದರ ಹೇಳಿದ್ದಾರೆ. ಒಂದು, ನಾಲ್ಕು ತಿಂಗಳಿಗೆ ಒಟ್ಟು 2,40,000 ರೂಪಾಯಿ, ಫಲಿತಾಂಶ ಏನೇ ಬರಲಿ. ಇನ್ನೊಂದು, ಮುಂಗಡ 50,000, ಆಮೇಲೆ ಪಾಸಾದ ಪ್ರತಿ ಮಗುವಿಗೆ 8,000. ಫೇಲಾದವರಿಗೆ ಒಂದು ಪೈಸೆಯೂ ಬೇಡ ಅಂತಾರೆ. ಈ ಸಲ 58 ಮಕ್ಕಳಿದ್ದಾರೆ. ಹೋದ ವರ್ಷ 55 ಮಕ್ಕಳಲ್ಲಿ 24 ಮಂದಿ ಪಾಸಾಗಿದ್ದರು.

ನಮ್ಮ ಹುಡುಗರಿಗೆಲ್ಲ ಎರಡನೆಯದೇ ಇಷ್ಟ. ಕೆಲಸ ಆದರೆ ಕೊಡೋಣ, ಆಗದಿದ್ದರೆ ಇಲ್ಲ, ಇದರಲ್ಲಿ ನಮಗೇನು ನಷ್ಟ ಅನ್ನುವ ಮಾತು. ನನಗೂ ಹಾಗೇ ಅನಿಸುತ್ತೆ. ಆದರೆ ಇಷ್ಟು ಸಲೀಸಾಗಿ ಒಪ್ಪುವ ವ್ಯಾಪಾರಿಯನ್ನು ಕಂಡರೆ ಸ್ವಲ್ಪ ಹಿಂದೆ ಮುಂದೆ ನೋಡಬೇಕು ಅಲ್ವಾ? ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕರಿ ಮಣ್ಣು (ಆಳಂದ)

ಕಣ್ಣು ಮುಚ್ಚಿ ಎರಡನೆಯದನ್ನು ಒಪ್ಪಿಕೊಳ್ಳಿ ಅಣ್ಣಾ. ನಮ್ಮಲ್ಲಿ ಬೋರ್ ಕೊರೆಯುವವರಿಗೆ ಅಡಿಗಿಷ್ಟು ಅಂತ ಎಣಿಸಿ ಕೊಡ್ತೇವೆ. ನೀರು ಬೀಳಲಿ ಬಿಡಲಿ, ಅವರ ದುಡ್ಡು ಅವರಿಗೆ. ಕಲ್ಲು ಒಣಗಿದ್ದರೂ "ಇನ್ನೊಂದು ಐವತ್ತು ಅಡಿ ಹೋಗೋಣ ಗೌಡ್ರೆ" ಅಂತಾರೆ. ಹೋಗದೆ ಏನು ಮಾಡ್ತಾರೆ, ಅಡಿ ಹೆಚ್ಚಾದಷ್ಟೂ ಅವರಿಗೇ ಲಾಭ. ಕೇಸಿಂಗ್ ಪೈಪ್ ಖರ್ಚು ಬೇರೆ. ರೈತ ಸಾಲ ಮಾಡಿ ಧೂಳು ನೋಡಬೇಕು. ಫಲಿತಾಂಶ ನೋಡಿ ದುಡ್ಡು ಕೊಡುವ ಪದ್ಧತಿ ಎಲ್ಲದಕ್ಕೂ ಬರಬೇಕು ಅನ್ನೋನು ನಾನು.

ಗಣಿತ ಮಾಸ್ತರ್ (ಸುರಪುರ)

ಕಾಗಿಣಾ ಅವರೇ, ಮೊದಲು ಒಂದು ಲೆಕ್ಕ ಮಾಡೋಣ. ಪೆನ್ನು ಹಿಡಿದುಕೊಳ್ಳಿ.

ಹೋದ ವರ್ಷ ಯಾವ ಟ್ಯೂಷನ್ನೂ ಇಲ್ಲದೆ 55ಕ್ಕೆ 24 ಮಕ್ಕಳು ಪಾಸಾದರು. ಅದೇ ಲೆಕ್ಕದಲ್ಲಿ ಈ ವರ್ಷ 58ಕ್ಕೆ 25 ಮಕ್ಕಳು ತಾವಾಗಿಯೇ ಪಾಸಾಗುತ್ತಾರೆ. 25ಕ್ಕೆ 8,000ದಂತೆ 2,00,000. ಅದಕ್ಕೆ ಮುಂಗಡ 50,000 ಸೇರಿಸಿ. 2,50,000 ಆಯಿತು. ಅಂದರೆ ಆ ಸೆಂಟರ್‌ನವರು ನಾಲ್ಕು ತಿಂಗಳು ಸುಮ್ನೆ ಬಂದು ಕುರ್ಚಿ ಮೇಲೆ ಕೂತು ಹೋದರೂ ಮೊದಲನೇ ದರಕ್ಕಿಂತ 10,000 ಹೆಚ್ಚು ಸಿಗುತ್ತೆ. ನೀವು ಕೊಡುತ್ತಿರುವುದು ಅವರ ಪಾಠಕ್ಕಲ್ಲ. ನಿಮ್ಮೂರ ಶಾಲೆಯ ಶಿಕ್ಷಕರು ಹಗಲೆಲ್ಲ ಮಾಡಿದ ಕೆಲಸಕ್ಕೆ, ಬೇರೆಯವರ ಹೆಸರಿನಲ್ಲಿ.

ಇನ್ನೊಂದು ವಿಷಯ. 2025-26ರಿಂದ ಪಾಸಾಗುವ ಗೆರೆಯೇ ಬದಲಾಗಿದೆ. ಹಿಂದೆ 35 ಇತ್ತು, ಈಗ ಶೇ 33. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬಂದು, ಆಂತರಿಕ ಅಂಕ ಸೇರಿಸಿ ಒಟ್ಟು 625ಕ್ಕೆ 206 ಆದರೆ ಸಾಕು. ಹಾಗಾಗಿ ಯಾರೂ ಏನೂ ಮಾಡದಿದ್ದರೂ ಪಾಸಾಗುವವರ ಸಂಖ್ಯೆ ಸ್ವಲ್ಪ ಏರಬಹುದು. ಆ ಏರಿಕೆಗೂ ತಲೆಗೆ 8,000 ನೀವೇ ಕೊಡಬೇಕು.

ತಾಂಡಾ ಹುಡುಗ (ಚಿಂಚೋಳಿ)

ಮಾಸ್ತರ್ ಲೆಕ್ಕ ಭಾರಿ ಇದೆ. ಇನ್ನೊಂದು ಕಡೆಯಿಂದಲೂ ನೋಡಿ. ಅವರು ನಿಜವಾಗಿಯೂ ಚೆನ್ನಾಗಿ ಪಾಠ ಮಾಡಿ 45 ಮಕ್ಕಳನ್ನು ಪಾಸು ಮಾಡಿಸಿದರೆ? 4,10,000 ಕೊಡಬೇಕು. ನಿಮ್ಮ ಹತ್ತಿರ ಇರೋದು ಮೂರು ಲಕ್ಷ. ಕೆಲಸ ಗೆದ್ದರೆ ನೀವು ಸಾಲಗಾರರು.

ಕಾಗಿಣಾ ದಂಡೆ

ಎರಡೂ ಲೆಕ್ಕ ನಮ್ಮ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಸರಿ, ಹೆಚ್ಚುವರಿಯಾಗಿ ಪಾಸಾದವರಿಗೆ ಮಾತ್ರ ಕೊಡೋಣ ಅಂದರೆ? ಮೊದಲ 25 ಮಕ್ಕಳಿಗೆ ಏನೂ ಇಲ್ಲ, 26ನೆಯವರಿಂದ ತಲೆಗೆ 12,000, ಒಟ್ಟು ಇಷ್ಟರ ಮೇಲೆ ಹೋಗಬಾರದು ಅಂತ ಒಂದು ಮಿತಿ?

ಸಂಜೆ ಕ್ಲಾಸು (ಕಲಬುರಗಿ)

ನಾನು ಎರಡು ವರ್ಷ ಇಂಥದ್ದೇ ಒಂದು ಸೆಂಟರ್‌ನಲ್ಲಿ ವಿಜ್ಞಾನ ಹೇಳಿದ್ದೇನೆ. ಊರು, ಹೆಸರು ಬೇಡ. ಆದರೆ ಒಳಗೆ ಹೇಗೆ ನಡೆಯುತ್ತೆ ಅಂತ ಹೇಳ್ತೇನೆ, ಆಮೇಲೆ ನೀವೇ ಯೋಚನೆ ಮಾಡಿ.

ಮೊದಲ ವಾರವೇ ಒಂದು ಪರೀಕ್ಷೆ ಕೊಟ್ಟು ಮಕ್ಕಳನ್ನು ಮೂರು ಗುಂಪು ಮಾಡುತ್ತಿದ್ದೆವು. ಮೊದಲ ಗುಂಪು ಹೇಗಿದ್ದರೂ ಪಾಸು, ಅವರಿಗೆ ನೋಟ್ಸ್ ಕೊಟ್ಟು ಬಿಡೋದು. ಮೂರನೇ ಗುಂಪಿನವರಿಗೆ ಕೂಡಿಸೋದು ಕಳೆಯೋದು ಸರಿಯಾಗಿ ಬರಲ್ಲ. ನಾಲ್ಕು ತಿಂಗಳಲ್ಲಿ ಇವರು ಆಗಲ್ಲ ಅಂತ ಹಿಂದಿನ ಬೆಂಚು. ನಮ್ಮ ಶಕ್ತಿಯೆಲ್ಲ ನಡುವಿನವರ ಮೇಲೆ, 25 ಅಂಕ ತೆಗೆಯುವವರನ್ನು 35ಕ್ಕೆ ಮುಟ್ಟಿಸೋದು. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಅಂತ ಇರುತ್ತೆ, ಮಾಸ್ತರ್‌ಗೆ ಗೊತ್ತಿರುತ್ತೆ. ಗಣಿತದಲ್ಲಿ ಗ್ರಾಫ್, ರಚನೆ, ಥೇಲ್ಸ್ ಪ್ರಮೇಯ. ವಿಜ್ಞಾನದಲ್ಲಿ ನಾಲ್ಕೈದು ಚಿತ್ರ. ಸಮಾಜದಲ್ಲಿ ಭಾರತದ ನಕ್ಷೆ. ಇಷ್ಟನ್ನು ಮತ್ತೆ ಮತ್ತೆ ಬರೆಸಿದರೆ ಪಾಸು. ಮಗುವಿಗೆ ಪ್ರಮೇಯ ಅರ್ಥವಾಯಿತಾ ಅಂತ ಯಾರೂ ಕೇಳಲ್ಲ.

ಇದು ಸಂಬಳಕ್ಕೆ ಪಾಠ ಹೇಳುವ ಕಡೆಯೂ ನಡೆಯುತ್ತೆ, ಸುಳ್ಳು ಹೇಳಲ್ಲ. ಆದರೆ ತಲೆಗಿಷ್ಟು ಅಂತ ಹಚ್ಚಿಬಿಟ್ಟರೆ ಹಿಂದಿನ ಬೆಂಚಿನ ಕಡೆ ಮುಖ ತಿರುಗಿಸುವುದೂ ನಷ್ಟ. 26ನೆಯವರಿಂದ ಅಂತ ಮಾಡಿದರೂ ಆ ಮಕ್ಕಳ ಪಾಡು ಅದೇ.

ಸೇಡಂ ತಾಯಿ

ನನ್ನ ಮಗ ಆ ಹಿಂದಿನ ಬೆಂಚಿನವನೇ. ಹೋದ ವರ್ಷ ಸುಗ್ಗಿಗೆ ಅಂತ ಎರಡು ತಿಂಗಳು ನಮ್ಮ ಜೊತೆ ಹೊಲದಲ್ಲಿ ಇದ್ದ. ಬಂದ ಮೇಲೆ ಅವನಿಗೆ ಪಾಠ ಸಿಗಲಿಲ್ಲ. "ಇವನ ಬದಲು ಬೇರೆಯವರನ್ನು ನೋಡಿಕೊಳ್ಳಬಹುದು" ಅಂತ ಒಬ್ಬರು ನನ್ನ ಎದುರಿಗೇ ಹೇಳಿದರು. ಅಷ್ಟೇ ಹೇಳೋದು ನನ್ನದು.

ಆಶಾ ಅಕ್ಕ (ಹುಮನಾಬಾದ್)

ಈ ಚರ್ಚೆ ನೋಡಿ ನಗು ಬಂತು. ನಾವು ಆಶಾ ಕಾರ್ಯಕರ್ತೆಯರು ಇದೇ ಪದ್ಧತಿಯಲ್ಲಿ ಇಷ್ಟು ವರ್ಷದಿಂದ ಇದ್ದೇವೆ. ಸಂಬಳ ಅಲ್ಲ, ರಾಜ್ಯದ ಒಂದಿಷ್ಟು ಗೌರವಧನ ಬಿಟ್ಟರೆ ಕೆಲಸಕ್ಕಿಷ್ಟು. ಹುಟ್ಟಿದ ಕೂಸಿನ ಮನೆಗೆ 42 ದಿನದವರೆಗೆ ಗೊತ್ತಾದ ದಿನಗಳಂದು ಹೋಗಿ ನೋಡಿ ಬಂದರೆ 250. ಟಿಬಿ ರೋಗಿಗೆ ಆರು ತಿಂಗಳು ಮಾತ್ರೆ ತಪ್ಪದಂತೆ ನೋಡಿಕೊಂಡರೆ 1,000. ಹೀಗೆ ಪಟ್ಟಿ ಉದ್ದ ಇದೆ.

ಕಾಗದದಲ್ಲಿ ಚೆನ್ನಾಗಿದೆ. ಆದರೆ ನನ್ನ ಟಿಬಿ ರೋಗಿ ಮೂರನೇ ತಿಂಗಳಿಗೆ ಗೌಂಡಿ ಕೆಲಸಕ್ಕೆ ಮುಂಬೈಗೆ ಹೋದರೆ? ಅವನ ಮನೆಗೆ ಮೂರು ತಿಂಗಳು ಅಲೆದವಳು ನಾನು. ಮುಗಿಸಲಿಲ್ಲ ಅಂತ ಲೆಕ್ಕಕ್ಕೆ ಬರಲ್ಲ. ಇನ್ನೊಂದು, ಕೆಲಸ ಮಾಡಿದ್ದು ನಾನು, ಅದನ್ನು ಪೋರ್ಟಲ್‌ನಲ್ಲಿ ಏರಿಸೋರು ಬೇರೆಯವರು. ಅವರು ಏರಿಸದಿದ್ದರೆ ನನ್ನ ಕೆಲಸ ಆಗೇ ಇಲ್ಲ. ನೆಟ್‌ವರ್ಕ್ ಇಲ್ಲ, ಆಪರೇಟರ್ ರಜೆ, ಗಂಡನ ಹೆಸರು ಆಧಾರ್ ಜೊತೆ ಹೊಂದಲಿಲ್ಲ, ಏನೇನೋ ಕಾರಣ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿದ್ದು ಸುಮ್ನೆ ಅಲ್ಲ. ತಿಂಗಳಿಗೆ ಇಷ್ಟು ಅಂತ ಖಾತರಿ ಬೇಕು ಅಂತ ಕೇಳಿದೆವು. ಕನಿಷ್ಠ 10,000 ಕೊಡ್ತೇವೆ ಅಂತ ಆಗ ಮುಖ್ಯಮಂತ್ರಿ ಮಾತು ಕೊಟ್ಟರು.

ಹಾಗಾಗಿ ತಮ್ಮಾ, ಫಲಿತಾಂಶಕ್ಕೆ ದುಡ್ಡು ಕೊಡೋದಾದರೆ ಎರಡು ಕೇಳಿಕೋ. ಆ ಫಲಿತಾಂಶ ಅವರ ಕೈಯಲ್ಲಿ ಎಷ್ಟಿದೆ? ಅಳೆಯೋದು ಯಾರ ಕೈಯಲ್ಲಿದೆ?

ಬಸವಕಲ್ಯಾಣ ವಕೀಲ

ಒಂದು ಮಾಹಿತಿ. ನಮ್ಮ ಕಸುಬಿನಲ್ಲಿ ಇದಕ್ಕೆ ನಿಷೇಧವೇ ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತು ಮಾಡುವಂತಿಲ್ಲ, ಬಂದ ಪರಿಹಾರದಲ್ಲಿ ಪಾಲು ಕೇಳುವಂತೆಯೂ ಇಲ್ಲ. ಕಾರಣ ಸರಳ. ಗೆದ್ದರೆ ಮಾತ್ರ ದುಡ್ಡು ಅಂದರೆ ವಕೀಲ ಕಕ್ಷಿದಾರನ ಪಾಲುದಾರ ಆಗಿಬಿಡುತ್ತಾನೆ. ಸುಳ್ಳು ಸಾಕ್ಷಿ ತರಲೂ ಅವನಿಗೆ ಆಸೆ ಹುಟ್ಟುತ್ತೆ. ಅಪಘಾತ ಪರಿಹಾರದ ಕೇಸುಗಳಲ್ಲಿ ನಿಜಕ್ಕೂ ಏನು ನಡೆಯುತ್ತೆ ಅಂತ ಕೇಳಬೇಡಿ, ಕೋರ್ಟಿನ ಎದುರಿನ ಚಹಾ ಅಂಗಡಿಯವರಿಗೂ ಗೊತ್ತು. ಆದರೆ ನಿಯಮ ಯಾಕಿದೆ ಅನ್ನುವುದು ನಿಮ್ಮ ವಿಷಯಕ್ಕೂ ಬರುತ್ತೆ. ಇಲ್ಲಿ ಸುಳ್ಳು ಸಾಕ್ಷಿ ಅಂದರೆ ಪರೀಕ್ಷಾ ಕೋಣೆಯ ಚೀಟಿ.

ಕರಿ ಮಣ್ಣು

ವಕೀಲ ಸಾಹೇಬ್ರು ಹೇಳಿದ್ದು ಬೇರೆ. ಕೋರ್ಟಲ್ಲಿ ಇನ್ನೊಬ್ಬ ಸೋಲಬೇಕು. ಇಲ್ಲಿ ಮಗು ಪಾಸಾದರೆ ಯಾರೂ ಸೋಲಲ್ಲ.

ಗಣಿತ ಮಾಸ್ತರ್ (ಸುರಪುರ)

ಸೋಲೋದು ಆ ಮಗುವೇ ಆಳಂದದವರೇ. ಸುಳ್ಳು ಪಾಸು ತಗೊಂಡು ಪಿಯುಸಿಗೆ ಹೋಗಿ ಅಲ್ಲಿ ಕೂತು ಅಳುತ್ತೆ.

ಚೀಟಿ ವಿಷಯ ಬಂತಲ್ಲ, ಹೇಳಲೇಬೇಕು. 2023ರಲ್ಲಿ ರಾಜ್ಯದ ಫಲಿತಾಂಶ 83.89. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಶೇ 20 ಕೃಪಾಂಕ ಕೊಟ್ಟ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಇಲ್ಲ. ಹಿಂದಿನ ಸಂಖ್ಯೆಯಲ್ಲಿ ಎಷ್ಟು ಗಾಳಿ ಇತ್ತು ಅನ್ನೋದು ಹೊರಗೆ ಬಿತ್ತು. ಡಿಸಿ ಕಚೇರಿಯಿಂದ ಹಿಡಿದು ಮುಖ್ಯ ಗುರುಗಳವರೆಗೆ ಎಲ್ಲರ ತಲೆ ಮೇಲೆ ಆ ಒಂದು ಸಂಖ್ಯೆ ಇತ್ತು. ಫಲಿತಾಂಶ ಕಡಿಮೆಯಾದರೆ ನೋಟಿಸು. ನೋಟಿಸಿನ ಭಯಕ್ಕೇ ಇಷ್ಟಾಗಿದ್ದರೆ ತಲೆಗೆ 8,000ದ ಆಸೆಗೆ ಏನಾಗಬಹುದು ನೋಡಿ.

ಇನ್ನೂ ಒಂದು ದಾರಿ ಇದೆ, ಅದು ಕಣ್ಣಿಗೆ ಬೀಳಲ್ಲ. ಶೇ 75 ಹಾಜರಿ ಇಲ್ಲದ ಮಗುವಿಗೆ ಹಾಲ್ ಟಿಕೆಟ್ ಇಲ್ಲ. ದುರ್ಬಲ ಮಗು ಶಾಲೆ ಬಿಟ್ಟರೆ ಶೇಕಡಾವಾರು ಏರುತ್ತೆ. ಯಾರೂ ಹೊರಗೆ ಹಾಕಬೇಕಿಲ್ಲ. ಕರೆಯದೆ ಬಿಟ್ಟರೆ ಸಾಕು.

ನಲ್ಲಿ ನೀರು (ಕಲಬುರಗಿ)

ಎಲ್ಲರೂ ಬೇಡ ಬೇಡ ಅನ್ನುತ್ತಿದ್ದೀರಿ. ನಮ್ಮ ಊರಲ್ಲೇ ಇದು ಕೆಲಸ ಮಾಡಿದ ಉದಾಹರಣೆ ಇದೆ. ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಕೊಡುವ ಪ್ರಾಯೋಗಿಕ ಯೋಜನೆ ನೆನಪಿದೆಯಾ? ಆಗಿನ್ನೂ ಗುಲ್ಬರ್ಗ ಅಂತಿತ್ತು. ಅಲ್ಲಿ ನಿರ್ವಹಣೆ ಮಾಡಿದ ಫ್ರೆಂಚ್ ಕಂಪನಿಗೆ ಫೀಸಿನ ಒಂದು ಭಾಗ ಖಾಯಂ, ಇನ್ನೊಂದು ಭಾಗ ಗುರಿ ಮುಟ್ಟಿದರೆ ಮಾತ್ರ. ನೀರು ಸತತವಾಗಿ ಬರುತ್ತಾ, ಒತ್ತಡ ಇದೆಯಾ, ಸೋರಿಕೆ ಎಷ್ಟು ಅಂತ ನೋಡಿ ಕೊಡುತ್ತಿದ್ದರು. 2008ರ ಹೊತ್ತಿಗೆ ಆ ವಾರ್ಡ್‌ಗಳಲ್ಲಿ ದಿನವಿಡೀ ನೀರು ಬಂತು. ಪಕ್ಕದ ಬಡಾವಣೆಯಲ್ಲಿ ನಾವು ಕೊಡ ಹಿಡಿದು ನಲ್ಲಿ ಕಾಯುತ್ತಿದ್ದೆವು.

ಅಂಕಿ ಸಂಖ್ಯೆ (ಕಲಬುರಗಿ)

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ನೀರಿನ ಉದಾಹರಣೆ ಸರಿಯಾಗಿದೆ. ಅದು ಯಾಕೆ ಆಯಿತು ಅಂತ ನೋಡಿ. ಆ ವಾರ್ಡ್‌ಗಳಿಗೆ ಹೊಸ ಪೈಪು ಹಾಕಿದರು. ಮೂಲದ ನೀರು ತಂದುಕೊಡುವ ಹೊಣೆ ಸರ್ಕಾರದ್ದು. ಕಂಪನಿ ನೋಡಿಕೊಳ್ಳಬೇಕಾದದ್ದು ಅಲ್ಲಿಂದ ಮುಂದೆ. ಅಳೆಯುವುದು ಮೀಟರು. ಭೀಮಾ ನದಿ ಬತ್ತಿದರೆ ಅದಕ್ಕೆ ಕಂಪನಿಯ ಫೀಸು ಕಡಿತ ಮಾಡುವ ಮಾತೇ ಬರಲ್ಲ. ಆಶಾ ಅಕ್ಕ ಕೇಳಿದ ಎರಡು ಪ್ರಶ್ನೆಗೂ ಅಲ್ಲಿ ಉತ್ತರ ಇತ್ತು.

ಶಿಕ್ಷಣದಲ್ಲೂ ಆಗಿದೆ. ರಾಜಸ್ಥಾನದ ಭೀಲ್ವಾರಾ ಜಿಲ್ಲೆಯಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಅನ್ನುವ ಸಂಸ್ಥೆಯ ಕೆಲಸಕ್ಕೆ ಹೀಗೆ ದುಡ್ಡು ಹೊಂದಿಸಿದರು. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಸೇರಿಸುವುದು ಒಂದು ಗುರಿ, ಮಕ್ಕಳ ಓದು ಲೆಕ್ಕ ಸುಧಾರಿಸುವುದು ಇನ್ನೊಂದು. ಅಲ್ಲಿನ ಜಾಣತನ ಎಲ್ಲಿದೆ ಗೊತ್ತಾ? ಸಂಸ್ಥೆಗೆ ಕೆಲಸದ ಖರ್ಚು ಮೊದಲೇ ಬಂತು. ಅದನ್ನು ಹಾಕಿದ್ದು ಯುಬಿಎಸ್ ಆಪ್ಟಿಮಸ್ ಫೌಂಡೇಶನ್. ಗುರಿ ಮುಟ್ಟಿದರೆ ಅವರಿಗೆ ಲಾಭ ಸೇರಿಸಿ ವಾಪಸ್ ಕೊಡುವವರು ಇನ್ನೊಬ್ಬರು. ಅಳೆಯುವವರು ಮೂರನೆಯವರು. ಅಂದರೆ ಹಳ್ಳಿಯಲ್ಲಿ ನಡೆಯುವ ಕೆಲಸದ ಖರ್ಚು ಫಲಿತಾಂಶಕ್ಕೆ ಕಾಯುತ್ತಾ ಕೂರಲಿಲ್ಲ. ಅಪಾಯ ಹೊತ್ತವರು ಹೊರಲು ತಾಕತ್ತು ಇದ್ದವರು.

ಅಳತೆಯನ್ನೂ ಪಾಸು-ಫೇಲು ಅಂತ ಮಾಡಲಿಲ್ಲ. ಪ್ರತಿ ಮಗು ಎಲ್ಲಿಂದ ಎಲ್ಲಿಗೆ ಬಂತು ಅಂತ ನೋಡಿದರು. ಈ ಕಾರ್ಯಕ್ರಮ ಇಲ್ಲದ ಹಳ್ಳಿಗಳ ಮಕ್ಕಳ ಜೊತೆ ಹೋಲಿಸಿ, ಉಳಿದ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಎರಡನೇ ವರ್ಷದವರೆಗೂ ಕಲಿಕೆಯ ಗುರಿಯಲ್ಲಿ ತುಂಬಾ ಹಿಂದೆ ಇದ್ದರು. ಪಾಠದ ರೀತಿ ಬದಲಾಯಿಸಿದರು, ಹೆಚ್ಚು ಹೊತ್ತು ಕೊಟ್ಟರು. ಕೊನೆಗೆ ಕಲಿಕೆಯಲ್ಲಿ ಗುರಿಯ ಶೇ 160, ದಾಖಲಾತಿಯಲ್ಲಿ ಶೇ 116 ಮುಟ್ಟಿದರು.

ಇನ್ನೂ ಹತ್ತಿರದ್ದು ಬೇಕಾದರೆ ಆಂಧ್ರಪ್ರದೇಶ. 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗ ಮಾಡಿದರು. ಶಿಕ್ಷಕರಿಗೆ ಸಂಬಳ ಹಾಗೇ ಇತ್ತು. ಅದರ ಮೇಲೆ, ಮಕ್ಕಳ ಸರಾಸರಿ ಅಂಕ ಶೇ 5ಕ್ಕಿಂತ ಜಾಸ್ತಿ ಏರಿದರೆ ಪ್ರತಿ ಶೇಕಡಾ ಅಂಕಕ್ಕೆ 500 ರೂಪಾಯಿ ಬೋನಸ್. ಸರಾಸರಿ ನೋಡಿದರೆ ಬೋನಸ್ ವರ್ಷದ ಸಂಬಳದ ಶೇ 3ರಷ್ಟು ಮಾತ್ರ. ಅಷ್ಟಕ್ಕೇ ಮಕ್ಕಳ ಲೆಕ್ಕ, ಭಾಷೆ ಎರಡೂ ಸುಧಾರಿಸಿತು. ಬೋನಸ್ ಇಲ್ಲದ ವಿಜ್ಞಾನ, ಸಮಾಜದಲ್ಲೂ ಆ ಮಕ್ಕಳೇ ಮುಂದಿದ್ದರು. ಶಿಕ್ಷಕರ ಹಾಜರಿಯೇನೂ ಹೆಚ್ಚಲಿಲ್ಲ, ತಮಾಷೆ ಅಂದರೆ. ಬಂದ ದಿನ ಜಾಸ್ತಿ ಪಾಠ ಮಾಡಿದರು.

ಗಣಿತ ಮಾಸ್ತರ್ (ಸುರಪುರ)

ಸರ್, ಒಳ್ಳೆಯ ಮಾಹಿತಿ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಿಬಿಡಿ. ಇಂಗ್ಲೆಂಡಿನಲ್ಲಿ 1862ರಲ್ಲೇ ಇದನ್ನು ಮಾಡಿದ್ದರಲ್ಲ.

ಅಂಕಿ ಸಂಖ್ಯೆ (ಕಲಬುರಗಿ)

ಹೌದು. ರಾಬರ್ಟ್ ಲೋ ಅನ್ನುವವರು ತಂದ ನಿಯಮ. ಇನ್‌ಸ್ಪೆಕ್ಟರ್ ಬಂದು ಪ್ರತಿ ಮಗುವಿಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡೋದು. ಪಾಸಾದ ಪ್ರತಿ ವಿಷಯಕ್ಕೆ ಶಾಲೆಗೆ ಇಷ್ಟು ಅನುದಾನ. ಪರಿಣಾಮ ಏನಾಯಿತು ಅಂದರೆ ಪರೀಕ್ಷೆಯಲ್ಲಿ ಕೇಳುವ ಪುಸ್ತಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ದುಡ್ಡು ತರದ ಇತಿಹಾಸ, ಭೂಗೋಳ ಮೂಲೆಗೆ ಹೋದವು. ಮೂವತ್ತು ವರ್ಷ ಕಳೆದ ಮೇಲೆ ಅದನ್ನು ಕೈಬಿಟ್ಟರು. ಬ್ರಿಟಿಷ್ ಇಂಡಿಯಾದಲ್ಲೂ ಫಲಿತಾಂಶಕ್ಕೆ ಅನುದಾನ ಅನ್ನುವುದು ಬಂತು. ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಅದು ಬೇರೆ ಕಥೆ.

ವ್ಯತ್ಯಾಸ ಗಮನಿಸಿ. ಲೋ ಅವರದ್ದು ಪಾಸಾದ ತಲೆಗಿಷ್ಟು, ಅದೂ ಶಾಲೆಯ ಅನುದಾನದ ದೊಡ್ಡ ಭಾಗ. ಆಂಧ್ರದ್ದು ಎಲ್ಲ ಮಕ್ಕಳ ಸರಾಸರಿ ಏರಿಕೆಗೆ, ಅದೂ ಸಣ್ಣ ಭಾಗ. ನಿಮ್ಮ ಸೆಂಟರ್ ಕೇಳುತ್ತಿರುವುದು ಯಾವುದು ಅಂತ ನೀವೇ ನೋಡಿ.

ಕರಿ ಮಣ್ಣು

ಸರಿ ಮಾಸ್ತರ್, ನನ್ನ ಬೋರ್‌ವೆಲ್ ವಿಷಯವನ್ನೇ ಮುಂದುವರಿಸ್ತೇನೆ. ನಮ್ಮ ಕಡೆ ಒಬ್ಬ ಬೋರ್‌ನವನು "ನೀರು ಬಿದ್ದರೆ ಮಾತ್ರ ದುಡ್ಡು" ಅಂತ ಬಂದಿದ್ದ. ಅಡಿಯ ದರ ಉಳಿದವರಿಗಿಂತ ಎರಡು ಪಟ್ಟು. ಅವನು ಎಲ್ಲಿ ಕೊರೆದ ಗೊತ್ತಾ? ಹಳ್ಳದ ಪಕ್ಕದ ಹೊಲದಲ್ಲಿ, ಅಕ್ಕಪಕ್ಕ ಆಗಲೇ ನೀರು ಇದ್ದ ಕಡೆ. ಮೇಲಿನ ಮರಡಿ ಹೊಲದವರು ಕರೆದರೆ ಗಾಡಿ ಕೆಟ್ಟಿದೆ ಅಂತಿದ್ದ. ಸೇಡಂ ಅಕ್ಕನ ಮಾತು ಓದಿದ ಮೇಲೆ ಇದು ನೆನಪಾಯಿತು. ಆದರೂ ಒಂದು ಹೇಳ್ತೇನೆ, ಪೂರ್ತಿ ದುಡ್ಡು ಮೊದಲೇ ಕೊಡೋದು ಇನ್ನೂ ಹುಚ್ಚುತನ.

ಕಾಗಿಣಾ ದಂಡೆ

ಎಲ್ಲವನ್ನೂ ಓದಿ ನಾವು ಐದಾರು ಜನ ಕೂತು ಹೊಸ ಕರಾರು ಬರೆದಿದ್ದೇವೆ. ತಪ್ಪಿದ್ದರೆ ಹೇಳಿ.

ಒಟ್ಟು 2,80,000ಕ್ಕಿಂತ ಜಾಸ್ತಿ ಹೋಗಲ್ಲ. ಅದರಲ್ಲಿ 1,80,000 ಖಾಯಂ. ತಿಂಗಳಿಗೆ 45,000ದಂತೆ, ಆ ತಿಂಗಳು ಒಪ್ಪಿದಷ್ಟು ತರಗತಿ ನಡೆದಿದ್ದರೆ. ಉಳಿದ ಒಂದು ಲಕ್ಷ ಮಕ್ಕಳ ಏರಿಕೆಗೆ. ಪಾಸು-ಫೇಲು ಅನ್ನುವ ಪದವೇ ಕರಾರಿನಲ್ಲಿ ಇಲ್ಲ. ಈಗ ಒಂದು ಪರೀಕ್ಷೆ, ಫೆಬ್ರವರಿ ಕೊನೆಗೆ ಅದೇ ಮಟ್ಟದ ಇನ್ನೊಂದು, ನೂರು ಅಂಕಕ್ಕೆ. ಸರಾಸರಿಯಲ್ಲಿ ಮೊದಲ 5 ಅಂಕದ ಏರಿಕೆ ಶಾಲೆಯದ್ದು, ಅದಕ್ಕೆ ದುಡ್ಡಿಲ್ಲ. ಅದರ ಮೇಲೆ ಪ್ರತಿ ಅಂಕಕ್ಕೆ 5,000, ಹೆಚ್ಚೆಂದರೆ 20 ಅಂಕಕ್ಕೆ.

ಮುಖ್ಯವಾದದ್ದು ಇದು: 58 ಮಕ್ಕಳ ಹೆಸರು ಇವತ್ತೇ ಕರಾರಿಗೆ ಅಂಟಿಸುತ್ತೇವೆ. ಫೆಬ್ರವರಿ ಪರೀಕ್ಷೆಗೆ ಬಾರದ ಮಗುವಿನ ಏರಿಕೆ ಸೊನ್ನೆ. ಆದರೂ ಭಾಗಿಸುವುದು 58ರಿಂದಲೇ.

ಅಂಕಿ ಸಂಖ್ಯೆ (ಕಲಬುರಗಿ)

ಚೆನ್ನಾಗಿದೆ. 58 ಮಕ್ಕಳು ಅಂದರೆ ಸಣ್ಣ ಸಂಖ್ಯೆ, ಸರಾಸರಿ ಒಂದೆರಡು ಅಂಕ ಆಚೆ ಈಚೆ ಸುಮ್ನೆ ಅದೃಷ್ಟದಿಂದಲೂ ಆಗುತ್ತೆ. ಪಕ್ಕದ ಊರಿನ ಹೈಸ್ಕೂಲಿನಲ್ಲೂ ಅದೇ ಎರಡು ಪರೀಕ್ಷೆ ಕೊಡಿಸಿದರೆ ಹೋಲಿಸಬಹುದು. 5 ಅಂಕ ಶಾಲೆಯದ್ದು ಅಂತ ಊಹೆ ಮಾಡುವ ಬದಲು ಅಲ್ಲಿ ಎಷ್ಟು ಏರಿತು ಅಂತ ನೋಡಿ ಅಷ್ಟನ್ನು ಕಳೆಯಿರಿ. ಖರ್ಚು ಝೆರಾಕ್ಸ್‌ನದ್ದು ಮಾತ್ರ.

ಸಂಜೆ ಕ್ಲಾಸು (ಕಲಬುರಗಿ)

ಪ್ರಶ್ನೆಪತ್ರಿಕೆ ಆ ಸೆಂಟರ್‌ನವರ ಕೈಗೆ ಹೋಗಬಾರದು. ಮೊದಲ ಪರೀಕ್ಷೆಯ ದಿನ ಅವರು ಅಲ್ಲಿ ಇರಲೂಬಾರದು. ಯಾಕೆ ಅಂತೀರಾ? ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಷ್ಟೂ ಅವರಿಗೆ ಲಾಭ. "ಬರೆಯದಿದ್ದರೂ ನಡೆಯುತ್ತೆ, ಇದು ಲೆಕ್ಕಕ್ಕಿಲ್ಲ" ಅಂತ ಮಕ್ಕಳಿಗೆ ಒಂದು ಮಾತು ಹೇಳಿದರೆ ಸಾಕು.

ಗಣಿತ ಮಾಸ್ತರ್ (ಸುರಪುರ)

ಗಣಿತದ ಪ್ರಶ್ನೆಪತ್ರಿಕೆ ನಾನು ಮಾಡಿಕೊಡ್ತೇನೆ, ಎರಡೂ. ವಿಜ್ಞಾನಕ್ಕೆ ಶಹಾಪುರದ ಗೆಳೆಯರೊಬ್ಬರು ಇದ್ದಾರೆ. ಭಾನುವಾರ ಬಂದು ಬರೆಸಿ, ಕಟ್ಟು ಒಯ್ದು ಇಲ್ಲೇ ತಿದ್ದುತ್ತೇವೆ. ಬಸ್ ಚಾರ್ಜು, ಊಟ ನಿಮ್ಮದು. ಫೀಸು ಬೇಡ, ಈ ಚರ್ಚೆ ಆದ ಮೇಲೆ ಫೀಸು ಕೇಳಲು ಭಯ.

ಆದರೆ ನಿಮ್ಮ ಶಾಲೆಯ ಶಿಕ್ಷಕರನ್ನು ಕೂರಿಸಿಕೊಂಡು ಒಮ್ಮೆ ಮಾತಾಡಿ. ಹೊರಗಿನವರಿಗೆ ಏರಿಕೆಗೆ ಲಕ್ಷ, ಹಗಲೆಲ್ಲ ದುಡಿದವರಿಗೆ ನೋಟಿಸು ಅಂತಾದರೆ ಸಂಜೆ ಪಾಠಕ್ಕೆ ಕೋಣೆಯ ಬೀಗದ ಕೈಯೂ ಸಿಗಲ್ಲ. ನನ್ನ ಅನುಭವದ ಮಾತು.

ಆಶಾ ಅಕ್ಕ (ಹುಮನಾಬಾದ್)

ತಿಂಗಳ 45,000 ಸೆಂಟರ್ ಮಾಲೀಕನಿಗೆ ಹೋಗುತ್ತೆ. ಪಾಠ ಹೇಳೋ ಹುಡುಗರಿಗೆ ತಿಂಗಳ ತಿಂಗಳ ಸಿಗುತ್ತಾ ಅಂತ ಕೇಳು. ಅದನ್ನೂ ಕರಾರಿನಲ್ಲಿ ಬರೆಸು.

ಕಾಗಿಣಾ ದಂಡೆ

ಸೆಂಟರ್‌ನವರ ಜೊತೆ ಮಾತಾಯಿತು. ಆಶ್ಚರ್ಯ ಅಂದರೆ ಬಹಳಷ್ಟು ಒಪ್ಪಿದರು. ಹೊರಗಿನವರು ತಿದ್ದುವುದು ಸರಿ, ಪಕ್ಕದ ಶಾಲೆಯ ಹೋಲಿಕೆ ಸರಿ, ಪಾಠ ಹೇಳುವವರಿಗೆ ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಸಂಬಳ ಕೊಟ್ಟ ರಸೀದಿ ತೋರಿಸುವುದೂ ಸರಿ. ಶಾಲೆಯ ಗುರುಗಳ ಜೊತೆಗೂ ಕೂತೆವು. ಎರಡನೇ ಪರೀಕ್ಷೆ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ಶಾಲೆಗೆ ಪ್ರಯೋಗಾಲಯದ ಸಾಮಾನು ತರುವುದು ಅಂತ ಮಾತಾಗಿದೆ.

ಒಂದು ಕಡೆ ಮಾತ್ರ ನಿಂತಿದೆ. 58 ಹೆಸರಲ್ಲಿ 14 ಮಕ್ಕಳನ್ನು ಬಿಡಿ ಅಂತಾರೆ. ಹಾಜರಿ ಇಲ್ಲದವರು. ಸೆಪ್ಟೆಂಬರ್‌ನಲ್ಲಿ ಭೀಮಾ, ಕಾಗಿಣಾ ಉಕ್ಕಿ ತೊಗರಿ, ಹತ್ತಿ ಹೋಯಿತಲ್ಲ. ಅದರ ಮೇಲೆ ನಾಲ್ಕು ಮನೆಯವರು ಆಗಲೇ ಮಕ್ಕಳ ಸಮೇತ ಗುಳೆ ಹೋಗಿದ್ದಾರೆ. "ಊರಲ್ಲೇ ಇಲ್ಲದ ಮಗುವಿಗೆ ನಾವು ಹೇಗೆ ಪಾಠ ಹೇಳೋದು, ಅದರ ಸೊನ್ನೆ ನಮ್ಮ ತಲೆಗೆ ಯಾಕೆ" ಅನ್ನುವ ಅವರ ಮಾತಲ್ಲಿ ನ್ಯಾಯ ಇಲ್ಲ ಅನ್ನಲಾಗಲ್ಲ.

ಸೇಡಂ ತಾಯಿ

ಊರು ಬಿಟ್ಟ ನಾಲ್ಕು ಸರಿ. ಉಳಿದ ಹತ್ತು ಮಕ್ಕಳು ಎಲ್ಲಿದ್ದಾರೆ?

ಕಾಗಿಣಾ ದಂಡೆ

ಊರಲ್ಲೇ ಇದ್ದಾರೆ ಅಕ್ಕಾ. ಕೆಲವರು ಕೂಲಿಗೆ ಹೋಗ್ತಾರೆ, ಇಬ್ಬರು ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳೋಕೆ ಮನೆಯಲ್ಲಿದ್ದಾರೆ.

ಸೇಡಂ ತಾಯಿ

ಹಾಗಾದರೆ ಅವರನ್ನು ಬಿಡಬೇಡಿ. ಸಂಜೆ ಪಾಠ ಅಂತ ಮಾಡಿದ್ದೇ ಹಗಲು ಬರಲಾಗದವರಿಗೆ ಅಲ್ವಾ?

ಅಂಕಿ ಸಂಖ್ಯೆ (ಕಲಬುರಗಿ)

ನಾಲ್ಕು ಮಕ್ಕಳನ್ನು ಪಂಚಾಯಿತಿಯಿಂದ ಬರೆಸಿಕೊಂಡು ತೆಗೆಯಬಹುದು. ಮೊದಲ ಪರೀಕ್ಷೆಗೆ ಮುಂಚೆಯೇ ತೆಗೆಯಬೇಕು, ಆಮೇಲೆ ಅಲ್ಲ. ಉಳಿದ ಹತ್ತು ಇರಲೇಬೇಕು. ಬೇಕಾದರೆ ಆ ಹತ್ತು ಮಕ್ಕಳನ್ನು ಕರೆತರುವ ಕೆಲಸ ನಿಮ್ಮ ಹಳೆ ವಿದ್ಯಾರ್ಥಿಗಳದ್ದು, ಬಂದ ಮೇಲೆ ಕಲಿಸುವುದು ಅವರದ್ದು ಅಂತ ಹಂಚಿಕೊಳ್ಳಿ. ಮನೆಯಿಂದ ಮಗುವನ್ನು ಎಬ್ಬಿಸಿ ತರುವುದು ಟ್ಯೂಷನ್ ಹುಡುಗರ ಕೈಯಲ್ಲಿ ಇಲ್ಲ.

ಕಾಗಿಣಾ ದಂಡೆ

54 ಅಂತ ಬರೆದು ಮಂಗಳವಾರ ಸೆಂಟರ್‌ಗೆ ಒಯ್ಯುತ್ತೇನೆ. ಒಪ್ಪದಿದ್ದರೆ ಬೇರೆಯವರನ್ನು ನೋಡುತ್ತೇವೆ. ಮಾಸ್ತರ್, ಭಾನುವಾರ ಬೆಳಿಗ್ಗೆ ಸುರಪುರದಿಂದ ಹೊರಡುವ ಬಸ್ ಎಷ್ಟು ಗಂಟೆಗೆ ಅಂತ ತಿಳಿಸಿ. ವಾಡಿಗೆ ಬಂದರೆ ಬೈಕ್ ಕಳಿಸ್ತೇನೆ. ಆ ಹತ್ತು ಮನೆಗೆ ಶನಿವಾರ ನಾನೇ ಹೋಗ್ತೇನೆ, ಚಿತ್ತಾಪುರ ಕಡೆಯವರು ಯಾರಾದರೂ ಜೊತೆಗೆ ಬರೋದಿದ್ದರೆ ಮೆಸೇಜ್ ಮಾಡಿ.